ಡಬ್ಬಿಯೊಳಗಿನ ರೂಪಾಯಿ

6 ಆಗಸ್ಟ್ 2006, ರವಿವಾರ. ಇಂಡಿ

ಈ ಡೈರಿ ಕೊಟ್ಟವರು ದನಗಳ ಜಂತುಹುಳದ ಔಷಧಿ ಮಾರುವ ಕಂಪನಿಯವರು. ಪ್ರತಿ ಪುಟದ ಕೆಳಗೆ ಒಂದು ಹುಳ ಮುದುಡಿಕೊಂಡು ಮಲಗಿದೆ. ಜನವರಿಯಿಂದ ಕಪಾಟಿನಲ್ಲಿ ಬಿದ್ದಿತ್ತು. ಇವತ್ತು ತೆಗೆದಿದ್ದೇನೆ, ಏಕೆಂದರೆ ಇವತ್ತು 1939 ಅನ್ನು ಕಣ್ಣಾರೆ ನೋಡಿದೆ.

ಇಸವಿಯನ್ನಲ್ಲ, ರೂಪಾಯಿಯನ್ನು. ಆರನೆಯ ಜಾರ್ಜ್ ರಾಜನ ಬೆಳ್ಳಿ ರೂಪಾಯಿ ಕೂಡಿಸುವ ಹುಚ್ಚಿದ್ದವರಿಗೆಲ್ಲ ಗೊತ್ತು: ಮೂವತ್ತೆಂಟರದು ಸಿಗುತ್ತದೆ, ನಲವತ್ತರಿಂದ ಮುಂದಿನವು ಬೇಕಾದಷ್ಟು ಸಿಗುತ್ತವೆ, ಮೂವತ್ತೊಂಬತ್ತರದು ಮಾತ್ರ ಸಿಗುವುದಿಲ್ಲ. ಸಿಕ್ಕರೆ ಅದು ಖೊಟ್ಟಿಯೇ ಎಂದು ಮೊದಲು ಹೆದರಬೇಕು. ಮೂವತ್ತೆಂಟರ ಎಂಟನ್ನು ಕೆರೆದು ಒಂಬತ್ತು ಮಾಡುವ ಕೈಗಳು ಬಹಳ ಇವೆ. ನನ್ನ ಆಲ್ಬಮ್ಮಿನಲ್ಲಿ ಒಂದೊಂದು ಇಸವಿಗೂ ದುಂಡಗೆ ಕತ್ತರಿಸಿದ ಒಂದೊಂದು ಗೂಡಿದೆ. ಎಲ್ಲ ತುಂಬಿವೆ, 39 ಖಾಲಿ. ಮನೆಗೆ ಬಂದವರಿಗೆ ತುಂಬಿದ್ದು ಯಾವುದೂ ಕಾಣುವುದಿಲ್ಲ. "ಇದೊಂದ ಯಾಕ್ರಿ ಖಾಲಿ?" ಎನ್ನುತ್ತಾರೆ. ಮುಂದಿನ ಹಲ್ಲು ಬಿದ್ದವನನ್ನು ಮಾತಾಡಿಸಿದ ಹಾಗೆ.

ಗೈಬುಸಾಬ ಫೋನು ಮಾಡಿದ್ದ. ಬೆಳಗಿನ ಬಸ್ಸಿಗೆ ಸಿಂದಗಿಗೆ ಹೋದೆ. ಅವನೂ ನಾನೂ ಕನ್ನೊಳ್ಳಿಯ ಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತವರು. ನಾನು ಓದಿ ದನದ ಡಾಕ್ಟರಾದೆ. ಅವನು ಸಂತೆಯಲ್ಲಿ ತಾಡಪತ್ರಿ ಹಾಸಿ ಹಳೆಯ ಕೀಲಿ, ದೀಪದ ಸಮೆ, ತಾಮ್ರದ ಚರಗಿ, ರೂಪಾಯಿ ಮಾರುತ್ತಾನೆ. ನನ್ನ ಆಲ್ಬಮ್ಮಿನ ಮುಕ್ಕಾಲು ಪಾಲು ಆ ತಾಡಪತ್ರಿಯಿಂದಲೇ ಎದ್ದು ಬಂದದ್ದು. ಗೊತ್ತಿಲ್ಲದೆ ಖೊಟ್ಟಿಯನ್ನೂ ಕೊಟ್ಟಿದ್ದಾನೆ. ಗೊತ್ತಾದ ದಿನ ರೊಕ್ಕ ತಿರುಗಿ ಕೊಟ್ಟು, ಇಬ್ಬರೂ ಬಿದ್ದು ಬಿದ್ದು ನಕ್ಕು, ಚಹಾ ಕುಡಿದು, ಆ ಖೊಟ್ಟಿಯನ್ನು ಬಿಸ್ಕೀಟಿನ ಡಬ್ಬಿಗೆ ಹಾಕಿದ್ದೇವೆ. ಆ ಡಬ್ಬಿಯೂ ಈಗ ಸಾಕಷ್ಟು ಭಾರವಾಗಿದೆ.

"ಬಾಗೇವಾಡ್ಯಾಗ ಒಂದ ಹಳೇ ವಾಡೆ ಬಿಚ್ಚಾಕತ್ತಿದ್ರು," ಎಂದ. "ಬಾಗಲಾ ಕೊಳ್ಳಾಕ ಹ್ವಾದವ ಇದನ್ನ ತಂದೇನಿ. ನೋಡು."

ರೂಪಾಯಿ ಮಸಿ ಬಳಿದಂತೆ ಕಪ್ಪಾಗಿತ್ತು. ಭೂತಗನ್ನಡಿ ಹಿಡಿದೆ. ಒಂದು, ಒಂಬತ್ತು, ಮೂರು, ಒಂಬತ್ತು. ಕೊನೆಯ ಒಂಬತ್ತರ ಬಾಲ ಸ್ವಲ್ಪ ವಾರೆ ಕಂಡಿತು.

"ಖರೇ ಐತೇನೋ ಇದು?"

"ಬೆಳ್ಳಿ ಐತಿ. ಕಲ್ಲಿನ ಮ್ಯಾಲ ಒಗದ್ರ ದನಿ ಐತಿ. ಒಂಬತ್ತು ಅಂತ ಬರದೈತಿ. ಮುಂದಿಂದು ನನಗೂ ಗೊತ್ತಿಲ್ಲೋ ಸಿದ್ದ್ಯಾ. ಖೊಟ್ಟಿ ಆತಂದ್ರ ಡಬ್ಬಿ ಐತೆಲ್ಲ."

ಅವಸರ ಬೇಡ, ನಿನಗೆಂದೇ ತೆಗೆದಿಡುತ್ತೇನೆ ಎಂದ. ಎರಡು ಸಲ ಚಹಾ ಕುಡಿಸಿದ. ಬಸ್ಸಿನಲ್ಲಿ ಬರುವಾಗ ಕಿಟಕಿಯಾಚೆ ಏನಿತ್ತೋ ನೋಡಲಿಲ್ಲ. ಆ ಬಾಲವೇ ಕಣ್ಣಲ್ಲಿತ್ತು.

10 ಆಗಸ್ಟ್, ಗುರುವಾರ

ದವಾಖಾನೆಯಲ್ಲಿ ದನಗಳಿಗಿಂತ ಮಂದಿ ಹೆಚ್ಚು. ಕಾಲೇಜು, ಹಾಸ್ಟೆಲು, ಸ್ಕಾಲರ್‌ಶಿಪ್ಪು ಅಂತ ಎಲ್ಲರ ಕೈಯಲ್ಲೂ ಝೆರಾಕ್ಸು. ನಾನು ಗೆಜೆಟೆಡ್ ಅಧಿಕಾರಿ, ಹಸಿರು ಶಾಯಿಯ ಮನುಷ್ಯ. 'ಅಸಲಿನೊಂದಿಗೆ ಪರಿಶೀಲಿಸಿದೆ' ಎಂದು ನನ್ನ ರಬ್ಬರ್ ಸೀಲು ಹೇಳುತ್ತದೆ. ಸೀಲು ಹೇಳಿದ ಮೇಲೆ ನಾನೂ ಬೇರೆ ಪರಿಶೀಲಿಸುವುದೇನಿದೆ? ಮುಖ ನೋಡುತ್ತೇನೆ, ಸಹಿ ಒಗೆಯುತ್ತೇನೆ. ಇವತ್ತು ಒಬ್ಬ ಹುಡುಗಿ ಅಸಲು ಪ್ರತಿಯನ್ನು ಪ್ಲಾಸ್ಟಿಕ್ಕಿನಿಂದ ಬಿಚ್ಚಿ ತೋರಿಸಲು ಬಂದಳು. "ಇಡವಾ, ಹರಿದೀತು," ಎಂದು ಕಳಿಸಿದೆ.

ಅಕ್ಟೋಬರ್ ಕೊನೆಗೆ ನನ್ನ ನೌಕರಿ ಮುಗಿಯುತ್ತದೆ. ನವೆಂಬರ್ ಒಂದಕ್ಕೆ ಇದೇ ಕೈ, ಇದೇ ಸಹಿ, ಆದರೆ ಯಾರಿಗೂ ಬೇಡ. ಈ ವಿಷಯ ನನ್ನನ್ನು ಎಳ್ಳಷ್ಟೂ ಕಾಡುತ್ತಿಲ್ಲ. ಒಂಬತ್ತರ ಬಾಲ ಕಾಡುತ್ತಿದೆ.

20 ಆಗಸ್ಟ್, ರವಿವಾರ

ಚಡಚಣಕ್ಕೆ ಹೋಗಿದ್ದೆ, ಬಸಂತರಾಯರ ಮನೆಗೆ. ದ್ರಾಕ್ಷಿ ತೋಟದ ಧಣಿ, ನನ್ನಂತೆಯೇ ನಾಣ್ಯದ ಹುಚ್ಚು, ಆದರೆ ಅವರದು ಶ್ರೀಮಂತ ಹುಚ್ಚು. ಅಮೇರಿಕಾದಲ್ಲಿ ನಾಣ್ಯ ಪರೀಕ್ಷೆ ಮಾಡುವ ಕಂಪನಿಗಳಿವೆಯಂತೆ. ಖರೆ ಇದ್ದರೆ ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿಯೊಳಗೆ ಹಾಕಿ, ಮತ್ತೆ ಬಿಚ್ಚಲಾಗದಂತೆ ಬೆಸೆದು, ನಂಬರು ಹಚ್ಚಿ, ಮಾರ್ಕ್ಸು ಕೊಟ್ಟು ಕಳಿಸುತ್ತಾರಂತೆ. ಬಸಂತರಾಯರ ಗಾಜಿನ ಕಪಾಟಿನಲ್ಲಿ ಡಬ್ಬಿಗಳು ಸಾಲಾಗಿ ನಿಂತಿದ್ದವು. ಅದರಲ್ಲೊಂದು 1939. ಎಪ್ಪತ್ತಕ್ಕೆ ನಲವತ್ತೈದು.

"ಎಪ್ಪತ್ತಕ್ಕ ಯಾಕ್ರಿ? ನೂರಕ್ಕ ಯಾಕಿಲ್ಲ?" ಎಂದೆ.

"ಅವರ ಪದ್ಧತಿರಿ."

ಲೆಕ್ಕ ಹಾಕಿದೆ. ಫಸ್ಟ್ ಕ್ಲಾಸ್. ನನ್ನ ಡಿಗ್ರಿ ಸೆಕೆಂಡ್ ಕ್ಲಾಸು.

ಗೈಬುಸಾಬನ ರೂಪಾಯಿಯ ಸುದ್ದಿ ಹೇಳಿದೆ. ಬಸಂತರಾಯರು ನಕ್ಕರು. "ಡಾಕ್ಟರ್ ಸಾಹೇಬ್ರ, ನಿಮ್ಮ ದೋಸ್ತ ಛಲೋ ಮನಷ್ಯಾನ ಇರಬೇಕ್ರಿ. ಆದ್ರ ನಾಳೆ ನೀವು ಮಾರಾಕ ನಿಂತಾಗ, ತಗೊಳ್ಳಾವ ನಿಮ್ಮ ದೋಸ್ತನ ಮೋತಿ ನೋಡಿ ರೊಕ್ಕ ಎಣಸ್ತಾನೇನ್ರಿ? ಅಲ್ರಿ, ಕಿವಿಗೆ ಬಿಲ್ಲಿ ಇಲ್ಲದ ಎಮ್ಮಿಗೆ ನೀವು ವಿಮಾ ಸರ್ಟಿಫಿಕೇಟ್ ಬರದ ಕೊಡ್ತೀರೇನು?"

ಈ ಮಾತು ಎದೆಗೆ ನಾಟಿತು. ಬಿಲ್ಲೆಯಿಲ್ಲದ ಎಮ್ಮೆಗೆ ನಾನು ಎಂದೂ ಬರೆದು ಕೊಟ್ಟಿಲ್ಲ. ಬಿಲ್ಲೆ ಇದ್ದರೆ ಎಮ್ಮೆ ನೋಡಲೂ ಹೋಗುವುದಿಲ್ಲ. ಪದ್ಧತಿ ಅಂದರೆ ಅದು.

ಬೇಕಿದ್ದರೆ ನಿಮಗೇ ಕೊಡುತ್ತೇನೆ ಎಂದರು. ಗೈಬುಸಾಬ ಹೇಳಿದ್ದ ಬೆಲೆಯ ನಾಲ್ಕು ಪಟ್ಟು. ಮೂರು ಪಟ್ಟು ಡಬ್ಬಿಗೇ ಹೋಗುತ್ತದೆ ಎಂದು ವಿದ್ಯಾವತಿ ಅನ್ನುತ್ತಾಳೆ. ಮೂವತ್ತು ವರ್ಷದಿಂದ ನನ್ನ ಹೆಂಡತಿಯಾಗಿದ್ದಾಳೆ, ಆದರೆ ನಾಣ್ಯದ ಶಾಸ್ತ್ರ ಅವಳಿಗೆ ತಿಳಿಯಲಿಲ್ಲ.

3 ಸೆಪ್ಟೆಂಬರ್, ರವಿವಾರ

ನ್ಯಾಯವಾಗಿ ನಡೆದುಕೊಳ್ಳಬೇಕೆಂದು ಗೈಬುಸಾಬನ ಹತ್ತಿರವೇ ಮೊದಲು ಹೋದೆ. ಅವನು ಒಂದು ಹಿತ್ತಾಳೆಯ ಸಮೆಯನ್ನು ಅರಿವೆಯಿಂದ ತಿಕ್ಕುತ್ತಾ ಕೂತಿದ್ದ. ಬಸಂತರಾಯರ ಡಬ್ಬಿ, ಅಮೇರಿಕಾ, ಮಾರ್ಕ್ಸು ಎಲ್ಲ ಹೇಳಿದೆ. ಮೆಚ್ಚುತ್ತಾ ಕೇಳಿದ. ಕೊನೆಗೆ, "ನಿನಗ ಡಬ್ಬಿ ಮಾಡಾಕ ಆಗೂದಿಲ್ಲ. ಒಂದ ಸಾಲು ಬರದರ ಕೊಡು. ಖೊಟ್ಟಿ ಆದ್ರ ರೊಕ್ಕ ವಾಪಸ್ ಅಂತ," ಎಂದೆ.

ತಿಕ್ಕುವ ಕೈ ನಿಂತಿತು.

"ಯಾರಿಗೆ ಬರದ ಕೊಡ್ಲಿ?"

"ನನಗ."

"ನಿನಗ?"

"ಅಲ್ಲೋ, ಪದ್ಧತಿ ಅಂತ."

"ಇಷ್ಟ ವರ್ಷ ಖೊಟ್ಟಿ ಬಂದಾಗ ರೊಕ್ಕ ವಾಪಸ್ ಕೊಟ್ಟಿಲ್ಲೇನು ನಾ?"

"ಕೊಟ್ಟಿ. ಅದನ್ನ ಬರದ ಕೊಡು ಅನ್ನಾಕತ್ತೇನಿ."

ಅವನು ರೂಪಾಯಿಯನ್ನು ಅರಿವೆಯಲ್ಲಿ ಸುತ್ತಿ ಅಂಗಿಯ ಒಳಕಿಸೆಗೆ ಹಾಕಿಕೊಂಡ. "ನೀವು ಡಬ್ಬಿದ ತಗೋರಿ ಡಾಕ್ಟರ್ ಸಾಹೇಬ್ರ," ಎಂದ. "ನಿಮ್ಮಂಥಾವ್ರಿಗೆ ಅದ ಛಲೋರಿ."

ಗೈಬುಸಾಬ ನನ್ನನ್ನು 'ರೀ' ಹಚ್ಚಿ ಮಾತಾಡಿಸಿದ್ದು ಜನ್ಮದಲ್ಲಿ ಇದೇ ಮೊದಲು. ನಿವೃತ್ತಿ ಹತ್ತಿರ ಬಂದ ಹಾಗೆ ಜನರಿಗೆ ಮರ್ಯಾದೆ ತಿಳಿಯುತ್ತದೆ. ಚಹಾ ಬರಲಿಲ್ಲ. ಎದುರಿನ ಹೋಟೆಲು ತೆರೆದಿತ್ತು, ಒಲೆ ಉರಿಯುತ್ತಿತ್ತು. ಹಾಲು ಒಡೆದಿರಬೇಕು.

10 ಸೆಪ್ಟೆಂಬರ್, ರವಿವಾರ

ಕೊಂಡು ತಂದೆ. ಡಬ್ಬಿಯದನ್ನು.

11 ಸೆಪ್ಟೆಂಬರ್, ಸೋಮವಾರ

ನಿನ್ನೆ ಬರೆಯಲು ಆಗಲಿಲ್ಲ, ಅಷ್ಟು ಸಂತೋಷವಾಗಿತ್ತು. ಮನೆಯವರಿಗೆಲ್ಲ ತೋರಿಸಿದೆ. ವಿದ್ಯಾವತಿ ತಿರುಗಿಸಿ ಮುರುಗಿಸಿ ನೋಡಿ, "ಬಟನ್ ಎಲ್ಲೈತ್ರಿ ಇದಕ್ಕ?" ಎಂದಳು. ಅವ್ವ ರೂಪಾಯಿ ಮುಟ್ಟಲು ಬೆರಳು ಚಾಚಿದಳು. ಬೆರಳು ಪ್ಲಾಸ್ಟಿಕ್ಕಿಗೆ ತಾಗಿತು.

"ಕೈಯಾಗ ಕೊಡೋ ಸಿದ್ದ್ಯಾ."

"ಮುಟ್ಟಬಾರದವಾ ಇದನ್ನ. ಮುಟ್ಟಿದ್ರ ಮಾರ್ಕ್ಸ ಕಡಿಮಿ ಆಗ್ತಾವು."

"ಮುಟ್ಟದ ರೊಕ್ಕ ಏನ ರೊಕ್ಕೋ," ಎಂದು ಅವ್ವ ಎಲೆ ಅಡಿಕೆ ಕುಟ್ಟಲು ಕೂತಳು. ಎಂಬತ್ತು ದಾಟಿದ ಶಂಕ್ರೆವ್ವನಿಗೆ ಹಲ್ಲಿಲ್ಲ, ಆದರೆ ಕಬ್ಬಿಣದ ಕುಟ್ಟಣಿ ಇದೆ.

ಇವತ್ತು ಸಂಜೆ ಆಲ್ಬಮ್ಮು ತೆಗೆದು 39ರ ಗೂಡಿಗೆ ಇಡಲು ಹೋದೆ. ಡಬ್ಬಿ ಅಂಗೈಯಗಲ ಇದೆ, ಗೂಡು ರೂಪಾಯಿಯಗಲ. ಇದು ನನಗೆ ಚಡಚಣದಲ್ಲಿ ಹೊಳೆಯಲೇ ಇಲ್ಲ. ಗೂಡು ತುಂಬಬೇಕಾದರೆ ಡಬ್ಬಿ ಒಡೆಯಬೇಕು. ಡಬ್ಬಿ ಒಡೆದರೆ ಕೊಟ್ಟ ರೊಕ್ಕಕ್ಕೆ ಅರ್ಥವಿಲ್ಲ. ಆದ್ದರಿಂದ ನನ್ನ ಹತ್ತಿರ ಈಗ 1939 ಇದೆ, ಮತ್ತು 39ರ ಗೂಡು ಖಾಲಿ ಇದೆ. ಡಬ್ಬಿಯನ್ನು ಕಪಾಟಿನಲ್ಲಿ ಇನ್ಕಮ್ ಟ್ಯಾಕ್ಸ್ ಕಾಗದಗಳ ಮೇಲಿಟ್ಟೆ.

26 ಸೆಪ್ಟೆಂಬರ್, ಮಂಗಳವಾರ

ಹಲಸಂಗಿಯ ಸೋಮನಿಂಗ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಬಂದ. ಒಳಗೆ ಉಪ್ಪು ಸವರಿದ ಎಮ್ಮೆಯ ಕಿವಿ. ಕಿವಿಯಲ್ಲಿ ವಿಮೆಯ ಹಳದಿ ಬಿಲ್ಲೆ. ಎಮ್ಮೆ ಸತ್ತರೆ ಬಿಲ್ಲೆ ಸಮೇತ ಕಿವಿ ತರಬೇಕು, ನಾನು ನೋಡಿ ಬರೆದು ಕೊಡಬೇಕು, ಆಮೇಲೆ ಪರಿಹಾರ. ಹೋಗಿ ನೋಡಬೇಕೆಂದೂ ನಿಯಮವಿದೆ. ಆದರೆ ಹಳ್ಳಕ್ಕೆ ನೀರು ಬಂದಿದೆ, ಜೀಪಿಗೆ ಡೀಸೆಲ್ಲು ಇಲ್ಲ. ನಂಬರು ತಾಳೆ ನೋಡಿದೆ, ಸರಿ ಇತ್ತು. ಸಹಿ ಹಾಕಿದೆ. ಸೋಮನಿಂಗ ಕಣ್ಣೊರೆಸಿಕೊಂಡ. ಒಳ್ಳೆಯ ಹಯನದ ಎಮ್ಮೆಯಂತೆ.

ನಿನ್ನೆಯಿಂದ ರೋಜಾ ಶುರುವಾಗಿದೆ. ಹೋದ ರವಿವಾರ ಸಿಂದಗಿಯ ಸಂತೆಯಲ್ಲಿ ಗೈಬುಸಾಬನ ಮುಂದೆಯೇ ಹಾದು ಹೋದೆ. ಅವನು ತಲೆಯೆತ್ತಲಿಲ್ಲ. ಉಪವಾಸದಲ್ಲಿ ಮನುಷ್ಯನಿಗೆ ಶಕ್ತಿ ಇರುವುದಿಲ್ಲ ಎಂದು ಮನೆಯಲ್ಲಿ ಹೇಳಿದೆ. "ರೋಜಾ ಇನ್ನೂ ಸುರು ಆಗಿದ್ದಿಲ್ಲಲ್ರಿ ಅವತ್ತ," ಎಂದಳು ವಿದ್ಯಾವತಿ. ಇವಳಿಗೆ ಎಲ್ಲದರಲ್ಲೂ ತಾರೀಖು ಬೇಕು.

10 ಅಕ್ಟೋಬರ್, ಮಂಗಳವಾರ

ಬಸವನ ಬಾಗೇವಾಡಿಯಲ್ಲಿ ಕಾಲುಬಾಯಿ ಬೇನೆಯ ಲಸಿಕೆ ಶಿಬಿರ. ಸರತಿಯಲ್ಲಿ ಒಂದು ಎಮ್ಮೆ ನಿಂತಿತ್ತು. ಛಲೋ ಮೈ, ಛಲೋ ಕೆಚ್ಚಲು, ಒಂದೇ ಕಿವಿ. ಹಗ್ಗ ಹಿಡಿದವನು ಸೋಮನಿಂಗ. ಅವನ ತಂಗಿಯ ಮನೆ ಇಲ್ಲೇ ಅಂತೆ.

"ಏನೋ ಸೋಮನಿಂಗಾ, ಇದು ಸತ್ತ ಎಮ್ಮಿ ಅಲ್ಲೇನು?"

"ಎಮ್ಮಿ ಸತ್ತೈತಿ ಅಂತ ನಾ ಎಲ್ಲಿ ಅಂದೇನ್ರಿ ಸಾಹೇಬ್ರ?" ಎಂದ, ಸ್ವಲ್ಪವೂ ಗಾಬರಿಯಾಗದೆ. "ಬಿಲ್ಲಿ ತಂದೆ. ನೀವು ಬಿಲ್ಲಿ ನೋಡಿದ್ರಿ, ಬರದ ಕೊಟ್ರಿ."

ಮೈಯೆಲ್ಲ ಉರಿಯಿತು. ಅರ್ಜಿ ವಾಪಸ್ಸು ತೆಗೆದುಕೊಳ್ಳದಿದ್ದರೆ ಪೊಲೀಸರಿಗೆ ಕೊಡುತ್ತೇನೆ ಎಂದು ಗದರಿಸಿದೆ. ತಗೋತೇನ್ರಿ ಎಂದ. ಎಮ್ಮೆಗೆ ನಾನೇ ಲಸಿಕೆ ಚುಚ್ಚಿದೆ. ಅದು ನನ್ನನ್ನು ಒಂದು ಕಿವಿಯಿಂದ ಕೇಳಿಸಿಕೊಳ್ಳುತ್ತಾ ನಿಂತಿತ್ತು. ಎಂಥ ಕಾಲ ಬಂತು, ಬಿಲ್ಲೆಯನ್ನೂ ನಂಬುವಂತಿಲ್ಲ. ಪುಣ್ಯಕ್ಕೆ ನನ್ನ ರೂಪಾಯಿ ಅಮೇರಿಕಾದಿಂದ ಬಂದಿದೆ.

ಮನೆಗೆ ಬಂದರೆ ಅವ್ವ, ವಿದ್ಯಾವತಿ ಏನೋ ಗುಸುಗುಸು ಮಾಡುತ್ತಿದ್ದರು. ನನ್ನನ್ನು ಕಂಡು ಸುಮ್ಮನಾದರು. ಬೀಳ್ಕೊಡುಗೆಗೆ ಶಾಲು ಆರಿಸುತ್ತಿರಬೇಕು. ಮೂವತ್ತೊಂದಕ್ಕೆ ಇನ್ನು ಬಹಳ ದಿನ ಇಲ್ಲ. ಕಚೇರಿಯಲ್ಲಿ ಹೊಸ ಡಾಕ್ಟರನ ಹೆಸರಿನ ಸೀಲು ಮಾಡಲು ಕೊಟ್ಟಿದ್ದಾರೆ. ನನ್ನ ಕಣ್ಣಮುಂದೆಯೇ ಕೊಟ್ಟರು. ಅದೇನೂ ತಪ್ಪಲ್ಲ.

21 ಅಕ್ಟೋಬರ್, ಶನಿವಾರ. ದೀಪಾವಳಿ ಅಮಾವಾಸ್ಯೆ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಹಬ್ಬದ ಎಣ್ಣೆ ಸ್ನಾನಕ್ಕೂ ಮೊದಲೇ ಹಲಸಂಗಿಯಿಂದ ಕರೆ ಬಂತು, ಆಕಳ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿದೆ ಎಂದು. ಕರು ತೆಗೆದು ಬರುವಾಗ ಮಧ್ಯಾಹ್ನವಾಯಿತು. ತಾಯಿ, ಕರು ಎರಡೂ ಉಳಿದವು. ಖುಷಿಯಲ್ಲೇ ಮನೆಗೆ ಬಂದೆ.

ಪಡಸಾಲೆಯಲ್ಲಿ ಅವ್ವ ತಾಟಿನ ಮುಂದೆ ಕೂತಿದ್ದಳು. ಪ್ರತಿ ವರ್ಷದ ಪದ್ಧತಿ ಇದು. ಅಮಾವಾಸ್ಯೆಗೆ ಮನೆಯ ಬೆಳ್ಳಿ ರೂಪಾಯಿಗಳನ್ನೆಲ್ಲ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ಹಾಲಿನಲ್ಲಿ ತೊಳೆದು, ಅರಿಸಿಣ ಕುಂಕುಮ ಏರಿಸಿ ಲಕ್ಷ್ಮಿಯ ಮುಂದೆ ಇಡಬೇಕು. ನನ್ನ ಆಲ್ಬಮ್ಮನ್ನು ಈ ತಿಕ್ಕಾಟದಿಂದ ಉಳಿಸಲು ನಾನು ಪ್ರತಿ ವರ್ಷ ಬ್ಯಾಂಕಿನ ಲಾಕರಿನಲ್ಲಿ ಇಡುತ್ತೇನೆ. ಈ ವರ್ಷವೂ ಇಟ್ಟಿದ್ದೆ. ಡಬ್ಬಿಗೆ ಯಾರೂ ಏನೂ ಮಾಡಲಾರರು ಎಂದು ಅದನ್ನು ಮಾತ್ರ ಮನೆಯಲ್ಲೇ ಬಿಟ್ಟಿದ್ದೆ.

ಅವ್ವನ ಪಕ್ಕದಲ್ಲಿ ಕುಟ್ಟಣಿ ಇತ್ತು. ಅದರ ಪಕ್ಕದಲ್ಲಿ ಒಡೆದ ಪ್ಲಾಸ್ಟಿಕ್ಕು. ಎಪ್ಪತ್ತಕ್ಕೆ ನಲವತ್ತೈದು ಎಂದು ಬರೆದ ಚೂರು ಕಸಬರಿಗೆಯ ಹತ್ತಿರ ಬಿದ್ದಿತ್ತು.

"ಯವ್ವಾ, ಏನ ಮಾಡಿದಿ!"

"ಅಲ್ಲೋ, ಬೆಳ್ಳಿ ಲಕ್ಷ್ಮಿನ ಪೆಟಗಿಯೊಳಗ ಕುಂದ್ರಿಸಿ ಬೆಸದ್ರ ಆಕೀಗೆ ನೀರ ಹೆಂಗ ಹಾಕೂದು? ಕುಂಕುಮ ಎಲ್ಲಿ ಹಚ್ಚೂದು? ಮೊದಲ ಬಿಚ್ಚಾಕ ನೋಡಿದೆ. ಮುಚ್ಚಳಾನ ಇಲ್ಲ. ಎಂಥಾ ಡಬ್ಬಿನೋ ಅದು."

ನೆಲದ ಮೇಲೆ ಕೂತುಬಿಟ್ಟೆ. ತೋಳಿಗೆ ಇನ್ನೂ ಆಕಳ ವಾಸನೆ ಇತ್ತು. ತಾಟಿನಲ್ಲಿ ರೂಪಾಯಿಗಳು ಬಿಸಿಲಿಗೆ ಲಕಲಕ ಹೊಳೆಯುತ್ತಿದ್ದವು. ಒಂದೊಂದನ್ನೇ ಎತ್ತಿ ಇಸವಿ ನೋಡಿದೆ. ರಾಣಿ ಛಾಪು, ರಾಣಿ ಛಾಪು, ಮುದುಕ ರಾಜ, 1939. ನನ್ನದು. ಹಿಡಿದುಕೊಂಡೆ. ಪಕ್ಕದಲ್ಲಿ ಇನ್ನೊಂದು ಜಾರ್ಜ್ ರೂಪಾಯಿ. ಅದನ್ನೂ ಎತ್ತಿದೆ.

1939.

"ಇದೆಲ್ಲಿದು?"

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು. ವಿದ್ಯಾವತಿ ಹೇಳಿದಳು: ನಾನು ಬಾಗೇವಾಡಿಯ ಶಿಬಿರಕ್ಕೆ ಹೋದ ದಿನ ಗೈಬುಸಾಬ ಬಂದಿದ್ದನಂತೆ. ಅರಿವೆ ಬಿಚ್ಚಿ ಆ ಕಪ್ಪು ರೂಪಾಯಿ ಕೊಟ್ಟನಂತೆ, ನಿವೃತ್ತಿಯ ದಿನ ನನ್ನ ಕೈಗೆ ಕೊಡಿ ಎಂದು. ಇವಳು ರೊಕ್ಕ ಎಷ್ಟೆಂದು ಕೇಳಿದ್ದಾಳೆ.

"ಏನಂದ?"

"'ಮಾರಿದ್ರ ಬರದ ಕೊಡಬೇಕಂತ್ರಿ ವೈನಿ,' ಅಂದ. 'ಸುಮ್ನ ಕೊಟ್ರ ಬರದ ಕೊಡೂದ ಬ್ಯಾಡಲ್ಲ.'"

ದೇವರ ರೂಪಾಯಿಗಳ ಜೊತೆ ಇರಲಿ ಎಂದು ಅದನ್ನು ಅವ್ವನ ಕೈಗೆ ಕೊಟ್ಟಿದ್ದಳು. ಅವ್ವ ಇವತ್ತು ಎಲ್ಲವನ್ನೂ ಒಟ್ಟಿಗೇ ತಿಕ್ಕಿದ್ದಾಳೆ.

ನನ್ನ ಎಡಗೈಯಲ್ಲೊಂದು, ಬಲಗೈಯಲ್ಲೊಂದು. ಒಂದು ಕಪ್ಪಗಿತ್ತು ಎಂಬುದೊಂದೇ ನನಗಿದ್ದ ಗುರುತು. ಈಗ ಎರಡೂ ಮದುವೆ ಮನೆಯ ತಂಬಿಗೆಯಂತೆ ಬೆಳ್ಳಗಿವೆ.

22 ಅಕ್ಟೋಬರ್, ರವಿವಾರ

ಭೂತಗನ್ನಡಿ ಹಿಡಿದು ಮುಂಜಾನೆಯಿಂದ ಕೂತಿದ್ದೇನೆ. ವಾರೆ ಬಾಲದ್ದು ಗೈಬುಸಾಬನದು ಎಂದುಕೊಂಡೆ. ಕಿಟಕಿಯ ಹತ್ತಿರ ಹಿಡಿದರೆ ಇದರ ಬಾಲ ವಾರೆ, ಬಾಗಿಲ ಹತ್ತಿರ ಹಿಡಿದರೆ ಅದರ ಬಾಲ ವಾರೆ. ತೂಗಿದೆ. ಕಲ್ಲಿನ ಮೇಲೆ ಒಗೆದೆ. ಎರಡೂ ಖಣ್ ಎಂದವು. ಜೊತೆಗೆ ಒಗೆದ ಮೇಲೆ ಯಾವುದು ಯಾವ ಕೈಯಲ್ಲಿತ್ತು ಎಂಬುದೂ ಮರೆತುಹೋಯಿತು.

ಬಸಂತರಾಯರಿಗೆ ಫೋನು ಮಾಡಿದೆ.

"ಡಬ್ಬಿ ಒಡದೈತೇನ್ರಿ?" ಎಂದು ಮನೆಯಲ್ಲಿ ಯಾರೋ ತೀರಿಕೊಂಡವರಂತೆ ಕೇಳಿದರು.

"ಒಡದೈತ್ರಿ. ಆದ್ರ ರೂಪಾಯಿ ಅದ ಐತಿ. ನೀವ ಕೊಟ್ಟದ್ದು."

"ಅದು ಹೆಂಗ ಹೇಳಾಕ ಬರತೈತ್ರಿ ಈಗ?"

"ಮತ್ತ ಅಮೇರಿಕಾಕ್ಕ ಕಳಿಸಿದ್ರ?"

"ಹುಣಸಿಹಣ್ಣ ಹಚ್ಚಿ ತಿಕ್ಕಿದ್ದಕ್ಕ ಅವರು ಮಾರ್ಕ್ಸ ಕೊಡೂದಿಲ್ರಿ. ತೊಳದದ್ದು ಅಂತ ಬರದ ಕಳಸ್ತಾರ."

ಒಂದೂವರೆ ತಿಂಗಳ ಹಿಂದೆ ನಾಲ್ಕು ಪಟ್ಟು ಕೊಟ್ಟು ತಂದದ್ದನ್ನು ಮಾರಿದ ಮನುಷ್ಯನೇ ಈಗ ಮುಟ್ಟಿ ನೋಡಲೂ ಒಲ್ಲ. ಮೊದಲು ಅವ್ವನ ಮೇಲೆ ಸಿಟ್ಟಿತ್ತು, ಆಮೇಲೆ ಬಸಂತರಾಯರ ಮೇಲೆ ಬಂತು. ಸಂಜೆಯಾಗುವ ಹೊತ್ತಿಗೆ ಯಾರ ಮೇಲೆ ಎಂದು ತಿಳಿಯದಾಯಿತು. ಅವ್ವ ಡಬ್ಬಿಯ ಅರ್ಧ ಹೋಳಿನಲ್ಲಿ ಸುಣ್ಣ ಹಾಕಿಟ್ಟುಕೊಂಡಿದ್ದಾಳೆ. ಅಳತೆ ಸರಿಯಾಗಿದೆಯಂತೆ.

24 ಅಕ್ಟೋಬರ್, ಮಂಗಳವಾರ

ನಾಳೆ ರಂಜಾನ್ ಹಬ್ಬ. ಪ್ರತಿ ವರ್ಷ ಹಿಂದಿನ ದಿನವೇ ಗೈಬುಸಾಬನ ಫೋನು ಬರುತ್ತದೆ: "ಖಾಲಿ ಹೊಟ್ಟೀಲೆ ಬಾ ಮಗನ, ಸುರಕುಂಬಾ ಭಾಳ ಐತಿ." ಇವತ್ತು ಬರಲಿಲ್ಲ. ಫೋನಿನ ಹತ್ತಿರವೇ ಕುರ್ಚಿ ಹಾಕಿಕೊಂಡು ಪೇಪರು ಓದಿದೆ. ಎರಡು ಸಲ ಗಂಟೆ ಬಾರಿಸಿತು. ಒಂದು ರಾಂಗ್ ನಂಬರು. ಇನ್ನೊಂದು ಶಾಲಿನ ಬಣ್ಣ ಯಾವುದಿರಲಿ ಎಂದು ಕಚೇರಿಯವರು.

25 ಅಕ್ಟೋಬರ್, ಬುಧವಾರ

ಕರೆಯದಿದ್ದರೂ ಹೋದೆ. ಎರಡೂ ರೂಪಾಯಿ ಒಂದೇ ಅರಿವೆಯಲ್ಲಿ.

ಹೊಸ ಜುಬ್ಬಾ ತೊಟ್ಟು ಬಾಗಿಲಲ್ಲೇ ನಿಂತಿದ್ದ. "ಬರ್ರಿ ಡಾಕ್ಟರ್ ಸಾಹೇಬ್ರ," ಎಂದ. ಈ ಸಲ ಆ 'ರೀ' ಕಿವಿಗೆ ಚುಚ್ಚಿತು. ಮರ್ಯಾದೆ ಅಲ್ಲ ಅದು. ಹೇಗೆ ಅಂದುಕೊಂಡಿದ್ದೆನೋ.

ಅವನ ಹೆಂಡತಿ ರಹಿಮಾಬಿ ಹಾಲು ಶ್ಯಾವಿಗೆಯ ಸುರಕುಂಬಾ ತಂದಿಟ್ಟಳು. ನಾನು ಅರಿವೆ ಬಿಚ್ಚಿ, ಕುಟ್ಟಣಿಯಿಂದ ಹಿಡಿದು ಹಾಲಿನವರೆಗೆ ಎಲ್ಲ ಹೇಳಿದೆ. ರಹಿಮಾಬಿ ಸೆರಗು ಬಾಯಿಗೆ ಹಚ್ಚಿಕೊಂಡು ಒಳಗೆ ಓಡಿದಳು, ಒಳಗಿಂದ ನಗೆ ಕೇಳಿಸಿತು. ಗೈಬುಸಾಬ ನಗಲಿಲ್ಲ. ಎರಡನ್ನೂ ಎತ್ತಿ ನೋಡಿದ, ಫರಸಿ ಕಲ್ಲಿನ ಮೇಲೆ ಒಗೆದ, ಮತ್ತೆ ನೋಡಿದ.

"ನಿಂದ ಯಾವುದೋ?" ಎಂದೆ.

"ನನಗ ಗೊತ್ತಾಗವಲ್ತರಿ."

"ಇಷ್ಟ ವರ್ಷ ಮಾರಿ?"

"ತೊಳದ ಮ್ಯಾಲ ಯಾರಿಗೆ ಗೊತ್ತಾಗತೈತ್ರಿ."

ಬಟ್ಟಲಿನಲ್ಲಿ ಶ್ಯಾವಿಗೆ ಆರುತ್ತಿತ್ತು. ಆಗ ಒಳಗಿಂದ ಅವನ ಮೊಮ್ಮಗಳು ಜೋಹರಾಬಿ ಝೆರಾಕ್ಸುಗಳನ್ನು ಹಿಡಿದು ಬಂದು ಗೋಡೆಗೆ ಒರಗಿ ನಿಂತಳು.

"ಸ್ಕಾಲರ್‌ಶಿಪ್ಪಿಗೆ ಸಹಿ ಬೇಕಾಗೈತ್ರಿ," ಎಂದ ಗೈಬುಸಾಬ, ನನ್ನನ್ನು ನೋಡದೆ. "ನೀವು ಮುಂದಿನ ವಾರ ಮಾಜಿ ಆಗ್ತೀರಿ. ಬ್ಯಾರೇ ಸಾಹೇಬ್ರ ಕಡೆ ಹೋಗ್ಲಿ ಅಂದೆ, ಹುಡುಗಿ ಕೇಳವಲ್ದು."

ಸೀಲು ಯಾವಾಗಲೂ ಕಿಸೆಯಲ್ಲೇ ಇರುತ್ತದೆ. ಹಸಿರು ಪೆನ್ನು ತೆಗೆದೆ, ಸಹಿ ಹಾಕಿದೆ, ಸೀಲು ಒತ್ತಿದೆ.

"ಅಸಲ ಟ್ರಂಕಿನ್ಯಾಗ ಐತ್ರಿ, ತರಸ್ತೇನಿ."

"ಬ್ಯಾಡೋ. ನಿನ್ನ ಮೊಮ್ಮಗಳು, ನೀ ಹೇಳಾಕತ್ತಿ. ಮತ್ತೇನು ನೋಡೂದು?"

ಗೈಬುಸಾಬ ಆಗ ತಲೆಯೆತ್ತಿ ನೋಡಿದ. ಸೆಪ್ಟೆಂಬರಿನಿಂದ ಈಚೆಗೆ ಮೊದಲ ಸಲ ನೇರವಾಗಿ ನೋಡಿದ.

"ಇದಕ್ಕ ನನ್ನ ಮಾತ ಸಾಕಾತು," ಎಂದ. "ಒಂದ ರೂಪಾಯಿಕ ಸಾಲಲಿಲ್ಲ."

ಸೀಲು ಕೈಯಲ್ಲೇ ಇತ್ತು. ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ನನಗೆ ನಾಚಿಕೆಯಾಯಿತು, ಹುಡುಗಿಯ ಮುಂದೆ ಕಣ್ಣಲ್ಲಿ ನೀರೂ ಬಂತು. "ತಪ್ಪಾತೋ ಗೈಬ್ಯಾ," ಎಂದೆ.

ಅವನು ಎದ್ದು ಒಳಗೆ ಹೋದ. ಹೋದವನು ಅಸಲು ಮಾರ್ಕ್ಸ್ ಕಾರ್ಡು ತಂದು ನನ್ನ ತೊಡೆಯ ಮೇಲಿಟ್ಟ.

"ನೋಡಲೇ ಸಿದ್ದ್ಯಾ. ಪೂರಾ ಓದು. ನನ್ನ ಮಾತ ಖರೇ ಐತಿ, ಆದ್ರ ಮೊಮ್ಮಗಳ ಮಾರ್ಕ್ಸ ನೀ ಓದಬೇಕಂತ ನನಗ ಆಸೆ."

ಲೇ ಅಂದ. ಸಿದ್ದ್ಯಾ ಅಂದ.

ಓದಿದೆ. ಹೆಸರು, ತಂದೆಯ ಹೆಸರು, ಕನ್ನಡ, ಗಣಿತ, ವಿಜ್ಞಾನ. ಎಷ್ಟೋ ವರ್ಷದಲ್ಲಿ ಒಂದು ಅಸಲನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದು ಇದೇ. ಗಣಿತದಲ್ಲಿ ತೊಂಬತ್ತಾರು. "ಇಕಿ ನಿನ್ನ ಮೊಮ್ಮಗಳ ಹೌದೇನೋ? ನಿನಗ ಮಗ್ಗಿ ಬರ್ತಿದ್ದಿಲ್ಲ," ಎಂದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಸುರಕುಂಬಾ ಮೂರು ಬಟ್ಟಲು ಕುಡಿಸಿದ. ಹೊರಡುವಾಗ ಒಂದು ರೂಪಾಯಿ ಅವನ ಕೈಯಲ್ಲಿಡಲು ಹೋದೆ. ತಗೊಳ್ಳಲಿಲ್ಲ. "ಕೊಟ್ಟದ್ದ ತಿರುಗಿ ತಗೋ ಅಂತೀಯೇನು? ಒಂದ ನಿನ್ನ ತೂತಿನ್ಯಾಗ ಹಾಕು. ಇನ್ನೊಂದ ಅವ್ವಗ ಕೊಡು, ಮುಂದಿನ ಅಮಾಸಿಗೆ ತಿಕ್ಕಾಕ ಬೇಕಲ್ಲ."

"ಯಾವುದನ್ನ ಹಾಕ್ಲಿ?"

"ಕೈಗೆ ಬಂದದ್ದ ಹಾಕು."

31 ಅಕ್ಟೋಬರ್, ಮಂಗಳವಾರ

ಶಾಲು, ಹಾರ, ಹಣ್ಣಿನ ಬುಟ್ಟಿ. ನಾಲ್ಕು ಜನ ಭಾಷಣ ಮಾಡಿದರು. ನಾನು ಪ್ರಾಮಾಣಿಕ ಎಂದು ನಾಲ್ವರೂ ಹೇಳಿದರು. ಹಿಂದಿನ ಸಾಲಿನಲ್ಲಿ ಕೂತ ಸೋಮನಿಂಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಇದಕ್ಕೂ ಮೊದಲು, ಬ್ಯಾಂಕಿನ ಲಾಕರಿನಿಂದ ಆಲ್ಬಮ್ಮು ತೆಗೆದುಕೊಂಡು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ, ಕಣ್ಣು ಮುಚ್ಚಿ ಅರಿವೆಯಿಂದ ಒಂದು ರೂಪಾಯಿ ತೆಗೆದು 39ರ ಗೂಡಿಗೆ ಹಾಕಿದೆ. ಟಪ್ಪೆಂದು ಕೂತಿತು. ಅದರ ಕೆಳಗೆ ಹಸಿರು ಶಾಯಿಯಲ್ಲಿ ಸಹಿ ಹಾಕಿ, ಕೊನೆಯ ಸಲ ಸೀಲು ಒತ್ತಿದೆ: ಅಸಲಿನೊಂದಿಗೆ ಪರಿಶೀಲಿಸಿದೆ. ವಿದ್ಯಾವತಿ ಹಿಂದೆ ನಿಂತು ನೋಡುತ್ತಿದ್ದಳು.

"ಯಾವುದ್ರಿ ಅದು? ಡಬ್ಬಿದೋ, ಗೈಬುಸಾಬಂದೋ?"

"ಗೈಬುಸಾಬಂದು," ಎಂದೆ. ಗೊತ್ತಿದ್ದು ಹೇಳಿದ್ದಲ್ಲ.

ಸಂಜೆ ಹೊಸ ಡಾಕ್ಟರಿಗೆ ಕೀಲಿಕೈ, ಕಪಾಟು, ಸೀಲು ಒಪ್ಪಿಸಿದೆ. ಹುಡುಗ ಚುರುಕಾಗಿದ್ದಾನೆ. ಒಂದೊಂದನ್ನೇ ಎಣಿಸಿ, ಎಲ್ಲ ಮುಟ್ಟಿದೆ ಎಂದು ರಸೀದಿ ಬರೆಯಲು ಕೂತ.

"ಬರದ ಕೊಡೂದೇನ ಬ್ಯಾಡ್ರಿ," ಎಂದೆ. "ನೀವು ಮುಟ್ಟೈತಿ ಅಂದ್ರಿ, ಮುಗೀತು."

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ನಾನು ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಂದೆ. ಸಿಂದಗಿಯಲ್ಲಿ ಗೈಬುಸಾಬ ಚಹಾ ಹೇಳಿ ಕಾಯುತ್ತಿದ್ದ.